ಒಂದು ಚೀಟಿಗಾಗಿ ಐದು ಪುಸ್ತಕ

ಪ್ಯಾರಿಸ್ ನಗರದ ಶಾನ್ಸೆಲಿಸೆ ರಾಜಬೀದಿಯ ಕಾಲುದಾರಿ. ಕಾಲ, 1960ರ ಆಸುಪಾಸು. ಕಪ್ಪು ಬಣ್ಣದ ಅಮೆರಿಕನ್ ತರುಣನೊಬ್ಬ ಚಿತ್ರಸುರುಳಿಯ ಡಬ್ಬಗಳನ್ನು ಅವುಚಿಕೊಂಡು ನಿಂತಿದ್ದಾನೆ. ಅವನು ತೆಗೆದ ಪುಟ್ಟ ಪುಟ್ಟ ಚಿತ್ರಗಳನ್ನು ಫ್ರೆಂಚ್ ರಸಿಕರು ಈಗತಾನೆ ನೋಡಿದ್ದಾರೆ. ಪ್ರತಿಭಾವಂತ ಎಂದು ಹೊಗಳಿದ್ದಾರೆ. ಎರಡು ಕೆನ್ನೆಗೂ ಮುತ್ತಿಟ್ಟು, ಕಾರು ಹತ್ತಿ ಹೊರಟುಹೋಗಿದ್ದಾರೆ. ಊಟಕ್ಕೆ ಏನು ಮಾಡುತ್ತೀಯೆ ಎಂದು ಕೇಳಿದವರಿಲ್ಲ. ಒದ್ದೆಯಾದ ಎರಡು ಕೆನ್ನೆ, ಒಂದಿಷ್ಟು ಡಬ್ಬ, ಬರಿದಾದ ಜೇಬು: ಪ್ಯಾರಿಸ್ಸಿನಲ್ಲಿ ತನ್ನ ಮೊದಲ ಆಸ್ತಿ ಇಷ್ಟೆ ಎಂದು ಅವನು ಮುಂದೆ ಎಷ್ಟೋ ಸಲ ನಗುತ್ತ ಹೇಳಿಕೊಂಡ. ಆ ಕಥೆಯಲ್ಲಿ ಅನ್ನವೆಷ್ಟು, ಒಗ್ಗರಣೆಯೆಷ್ಟು ಎಂದು ಈಗ ಅಳೆಯುವುದು ಕಷ್ಟ. ಹಾಸ್ಯಗಾರ ತನ್ನ ಸಂಕಟವನ್ನು ಹೇಳುವಾಗ ಒಗ್ಗರಣೆ ಹಾಕದೆ ಬಿಟ್ಟರೆ ಅವನು ಹಾಸ್ಯಗಾರನಲ್ಲ.

ಏಳೆಂಟು ವರ್ಷ ಕಳೆಯಿತು. 1967ರಲ್ಲಿ ಅದೇ ಮನುಷ್ಯ ತನ್ನ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂದಿಳಿದ. ಬಂದದ್ದು ಅಮೆರಿಕದವನಾಗಿ ಅಲ್ಲ. ಫ್ರಾನ್ಸ್ ದೇಶದ ಚಿತ್ರವೊಂದರ ನಿರ್ದೇಶಕನಾಗಿ. ಹುಟ್ಟಿದ ಮನೆಯ ಬಾಗಿಲು ತೆರೆಯಲಿಲ್ಲವೆಂದು ನೆರೆಮನೆಯ ಹಿತ್ತಿಲು ಹಾರಿ, ಅತಿಥಿಯ ವೇಷದಲ್ಲಿ ಮತ್ತೆ ಅದೇ ಮನೆಯ ಮುಂಬಾಗಿಲನ್ನು ತಟ್ಟಿದ ಹಾಗೆ. ಈ ವೇಷವನ್ನು ಅವನಿಗೆ ಹೊಲಿದುಕೊಟ್ಟದ್ದು ಕ್ಯಾಮೆರಾ ಅಲ್ಲ, ಲೇಖನಿ. ತನಗೆ ಬಾರದಿದ್ದ ಒಂದು ಭಾಷೆಯನ್ನು ಬೆಳೆದ ಮೇಲೆ ಕಲಿತು, ಆ ಭಾಷೆಯಲ್ಲಿ ವಿನೋದದ ಕಾದಂಬರಿಗಳನ್ನು ಬರೆದು, ಆ ಕಾದಂಬರಿಗಳ ಬಲದಿಂದ ಚಿತ್ರ ತೆಗೆಯುವ ಪರವಾನಿಗೆ ಸಂಪಾದಿಸಿದವನು ಮೆಲ್ವಿನ್ ವ್ಯಾನ್ ಪೀಬಲ್ಸ್.

ಚಲಚ್ಚಿತ್ರದ ಚರಿತ್ರೆ ಓದಿದವರಿಗೆ ಈ ಹೆಸರು ಹೊಸದಲ್ಲ. ಆದರೆ ಅವರಿಗೆ ನೆನಪಾಗುವುದು 1971ರ ಒಂದು ಚಿತ್ರ, ಆ ಚಿತ್ರ ಎಬ್ಬಿಸಿದ ಗದ್ದಲ, ಅದು ತಂದ ದುಡ್ಡು. ಕಾದಂಬರಿಕಾರ ಪೀಬಲ್ಸ್‌ನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ, 'ಅವೆಲ್ಲ ಚೀಟಿಗಾಗಿ ಬರೆದದ್ದು' ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವನೂ ಹಾಗೆಯೇ ಹೇಳಿಕೊಂಡದ್ದರಿಂದ ಅವರನ್ನು ದೂರುವಂತಿಲ್ಲ. ಆದರೂ ಲೇಖಕರು ತಮ್ಮ ಬಗ್ಗೆ ಹೇಳುವುದನ್ನೆಲ್ಲ ನಂಬಬೇಕಾದ ಕಟ್ಟುಪಾಡು ಓದುಗರಿಗಿಲ್ಲ.

ಶಿಕಾಗೋ ನಗರದಲ್ಲಿ 1932ರ ಆಗಸ್ಟ್ 21ರಂದು ದರ್ಜಿಯೊಬ್ಬನ ಮಗನಾಗಿ ಹುಟ್ಟಿದ ಈತ, ಒಹಾಯೋ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿ 1953ರಲ್ಲಿ ಪದವಿ ಪಡೆದ. ಪದವಿ ಕೈಗೆ ಬಂದ ಕೆಲವೇ ದಿನಗಳಲ್ಲಿ ವಾಯುಸೇನೆ ಸೇರಿದ. ಬಾಂಬರ್ ವಿಮಾನದಲ್ಲಿ ಕುಳಿತು ದಿಕ್ಕು, ದೂರಗಳ ಲೆಕ್ಕ ಹಾಕುವ ಕೆಲಸ. ಮೂರೂವರೆ ವರ್ಷ ಆ ಲೆಕ್ಕ ಹಾಕಿದ ಮೇಲೆ ಸೇನೆ ಬಿಟ್ಟ. ಕೆಲಕಾಲ ಮೆಕ್ಸಿಕೋ ದೇಶದಲ್ಲಿ ಜನರ ಭಾವಚಿತ್ರ ಬರೆದು ಬದುಕಿದ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಲ್ಲಿನ ಗುಡ್ಡದ ಬೀದಿಗಳಲ್ಲಿ ಹಗ್ಗದ ಬಲದಿಂದ ಏರಿಳಿಯುವ ಕೇಬಲ್ ಕಾರುಗಳಲ್ಲಿ ಹಿಡಿಕೆ ಹಿಡಿಯುವ ಕೆಲಸಕ್ಕೆ ಸೇರಿದ. ಬಾಂಬರ್ ವಿಮಾನ ನಡೆಸಲು ಸಾಕಾದ ಗಣಿತ ಆ ಕಾಲದ ಅಮೆರಿಕದಲ್ಲಿ ಒಬ್ಬ ಕಪ್ಪು ಪದವೀಧರನನ್ನು ಟ್ರಾಮಿನ ಹಿಡಿಕೆಯ ತನಕ ತಂದು ಬಿಟ್ಟಿತ್ತು. ಆದರೆ ಆ ಕೆಲಸವನ್ನು ಅವನು ಪ್ರೀತಿಸಿದ. 1957ರಲ್ಲಿ 'ದಿ ಬಿಗ್ ಹಾರ್ಟ್' ಎಂಬ ಸಚಿತ್ರ ಪುಸ್ತಕ ಬರೆದ. ವಸ್ತು ಕೇಬಲ್ ಕಾರು, ಛಾಯಾಚಿತ್ರಗಳು ರೂತ್ ಬರ್ನ್‌ಹಾರ್ಡ್ ಎಂಬ ಹೆಸರಾಂತ ಕಲಾವಿದೆಯವು.

ಆ ಪುಸ್ತಕ ನೋಡಿದ ಪ್ರಯಾಣಿಕನೊಬ್ಬ 'ಇದು ಸಿನೆಮಾ ಇದ್ದ ಹಾಗಿದೆಯಲ್ಲ' ಎಂದನಂತೆ. ಸಾಕು, ಪೀಬಲ್ಸ್ ಚಿತ್ರ ತೆಗೆಯಲು ಹೊರಟ. ಕಲಿತವನಲ್ಲ, ಕಲಿಸುವವರಿಲ್ಲ. ತಾನು ಪೂರ್ಣಪ್ರಮಾಣದ ಚಿತ್ರ ತೆಗೆಯುತ್ತಿದ್ದೇನೆಂದೇ ಅವನ ನಂಬಿಕೆ. ಸುರುಳಿಯನ್ನೆಲ್ಲ ಜೋಡಿಸಿ ಓಡಿಸಿದಾಗ ಅದು ಹನ್ನೊಂದು ನಿಮಿಷಕ್ಕೆ ಮುಗಿದುಹೋಯಿತು! ಹೀಗೆ 1957ರ ಸುಮಾರಿಗೆ 'ಸನ್‌ಲೈಟ್', 'ತ್ರೀ ಪಿಕಪ್ ಮೆನ್ ಫಾರ್ ಹೆರಿಕ್' ಮೊದಲಾದ ಕಿರುಚಿತ್ರಗಳು ಹುಟ್ಟಿದವು. ಅವನ್ನು ಹೊತ್ತುಕೊಂಡು ಹಾಲಿವುಡ್ಡಿಗೆ ಹೋದ. ಅಲ್ಲಿ ಸಿಕ್ಕ ಉತ್ತರ ಏನೆಂಬುದನ್ನೂ ಅವನೇ ಹೇಳಿದ್ದಾನೆ: ಲಿಫ್ಟ್ ನಡೆಸುವ ಕೆಲಸ ಬೇಕಾದರೆ ಕೊಡಬಹುದು.

ಸಿಟ್ಟು ಬಂದವರು ಊರು ಬಿಡುವುದುಂಟು. ಇವನು ಭೂಮಿಯ ಗೊಡವೆಯೇ ಬೇಡವೆನ್ನುವಂತೆ ಹಾಲೆಂಡಿಗೆ ಹೋಗಿ ಖಗೋಳ ವಿಜ್ಞಾನ ಓದಲು ಕುಳಿತ. ನಡುವೆ ಡಚ್ಚರ ನಾಟಕ ಮಂಡಳಿಯಲ್ಲಿ ಐರಿಷ್ ನಾಟಕಕಾರ ಬ್ರೆಂಡನ್ ಬೀಹನ್ನನ 'ದಿ ಹಾಸ್ಟೇಜ್' ನಾಟಕದಲ್ಲಿ ಪಾತ್ರ ವಹಿಸಿ ಊರೂರು ತಿರುಗಿದ. ಅಷ್ಟರಲ್ಲಿ ಅವನ ಕಿರುಚಿತ್ರಗಳು ಪ್ಯಾರಿಸ್ಸಿನ ಆನ್ರಿ ಲಾಂಗ್ಲ್ವಾ ಎಂಬಾತನ ಕಣ್ಣಿಗೆ ಬಿದ್ದಿದ್ದವು. ಲಾಂಗ್ಲ್ವಾ ಎಂದರೆ ಸಾಮಾನ್ಯನಲ್ಲ. 'ಸಿನೆಮಾತೆಕ್ ಫ್ರಾಂಸೇಸ್' ಎಂಬ ಚಿತ್ರಭಂಡಾರವನ್ನು ಕಟ್ಟಿ ಕಾಪಾಡಿದವನು. ಫ್ರಾನ್ಸಿನ ಹೊಸ ಅಲೆಯ ನಿರ್ದೇಶಕರೆಲ್ಲ ಅವನ ಕತ್ತಲೆಕೋಣೆಯಲ್ಲಿ ಕುಳಿತು ಕಣ್ಣು ತೆರೆದವರು. ಅಂಥವನ ಆಹ್ವಾನ ಬಂದಿತು. ಮುಂದೆ ನಡೆದದ್ದೇ ಮೇಲೆ ಹೇಳಿದ ಕೆನ್ನೆಮುತ್ತಿನ ಪ್ರಸಂಗ.

ಬೀದಿಯಲ್ಲಿ ಹಾಡಿದ, ತುಟಿಗಿಟ್ಟು ಗುಂಯ್‌ಗುಡಿಸುವ ಕಜೂ ಎಂಬ ಪೀಪಿ ಊದಿದ, ಕೈ ಚಾಚಿದ. ಹೊಟ್ಟೆಪಾಡಿನ ಈ ಶಾಲೆಯಲ್ಲಿ ಅವನು ಕಲಿತದ್ದು ಫ್ರೆಂಚ್ ಭಾಷೆ. ಪಂಡಿತರಿಂದಲ್ಲ, ದಾರಿಹೋಕರಿಂದ. ಮುಂದೆ ಅವನ ಕಾದಂಬರಿಗಳಲ್ಲಿ ಆಡುಮಾತಿಗೆ ಅಷ್ಟು ಸಲಿಗೆ ಇರುವುದಕ್ಕೆ ಇದೂ ಕಾರಣವಿರಬೇಕು.

ಆ ಕಾಲದ ಪ್ಯಾರಿಸ್ ಕಪ್ಪು ಅಮೆರಿಕನ್ ಲೇಖಕರಿಗೆ ತವರಿನಂತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ರಿಚರ್ಡ್ ರೈಟ್ 1960ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದ. ಜೇಮ್ಸ್ ಬಾಲ್ಡ್ವಿನ್ 1948ರಲ್ಲಿಯೇ ಬಂದಿದ್ದ. ಚೆಸ್ಟರ್ ಹೈಮ್ಸ್ 1953ರಲ್ಲಿ ಬಂದು, ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಇಬ್ಬರು ಪತ್ತೇದಾರರ ಕಥೆಗಳನ್ನು ಬರೆದು, 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನವನ್ನೇ ಗಿಟ್ಟಿಸಿದ್ದ. ಆದರೆ ಇವರೆಲ್ಲ ಬರೆದದ್ದು ಇಂಗ್ಲಿಷಿನಲ್ಲಿ. ದೇಶ ಬಿಟ್ಟರೂ ಭಾಷೆ ಬಿಟ್ಟಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕುಳಿತು ಅಮೆರಿಕದ ಓದುಗನೊಡನೆ ಜಗಳವಾಡುತ್ತಿದ್ದರು. ಪೀಬಲ್ಸ್ ಹಾಗೆ ಮಾಡಲಿಲ್ಲ. ಅವನು ಊರಿನವರಿಗೆ ಬೆನ್ನು ಮಾಡಿ ನೆರೆಯವರ ಕಡೆ ತಿರುಗಿದ. ನಮ್ಮ ಮನೆಯಲ್ಲಿ ಏನು ನಡೆಯುತ್ತದೆ ಗೊತ್ತೆ, ಕೇಳಿ ನಗಿ ಎಂದ. ಜಗಳಕ್ಕೂ ನಗೆಗೂ ಇರುವ ಅಂತರ ಕೇಳುವವನು ಯಾರೆಂಬುದರ ಮೇಲೆ ನಿಂತಿದೆ. ಹೊಡೆದವನಿಗೆ ನೋವನ್ನು ಹೇಳುವಾಗ ದನಿ ಏರುತ್ತದೆ. ಹೊಡೆಯದೆ ಇದ್ದವನಿಗೆ ಹೇಳುವಾಗ ಅದೇ ನೋವಿನಲ್ಲಿ ವಿಚಿತ್ರ ಕಾಣತೊಡಗುತ್ತದೆ.

ಹೈಮ್ಸ್‌ನ ಪರಿಚಯ ಅವನಿಗಾದದ್ದು ಪತ್ರಕರ್ತನಾಗಿ. 'ಫ್ರಾನ್ಸ್ ಅಬ್ಸರ್ವಾತೂರ್' ಎಂಬ ವಾರಪತ್ರಿಕೆಗಾಗಿ ಅವನು ಹಿರಿಯನನ್ನು ಸಂದರ್ಶಿಸಿದ. ಅನಂತರ ಹೈಮ್ಸ್‌ನ ಬಹುಮಾನಿತ ಕಾದಂಬರಿಯನ್ನೇ ಚಿತ್ರಕಥೆಯ ಮಾಲೆಗೆ ಒಗ್ಗಿಸಿದ. ಗೆರೆಚಿತ್ರಗಳನ್ನು ಬರೆದವನು ವೊಲಿನ್ಸ್ಕಿ. ಅದು ಪ್ರಕಟವಾದ ಪತ್ರಿಕೆ 'ಹರಾಕಿರಿ'. 1960ರಲ್ಲಿ ಕವಾನ್ನಾ ಮೊದಲಾದವರು ಆರಂಭಿಸಿದ ಈ ಮಾಸಿಕ ತನ್ನನ್ನು ತಾನೇ ಮೂರ್ಖ, ದುಷ್ಟ ಪತ್ರಿಕೆಯೆಂದು ಕರೆದುಕೊಂಡಿತ್ತು. ಸರ್ಕಾರ ಅದನ್ನು 1961ರಲ್ಲಿ ಒಮ್ಮೆ, 1966ರಲ್ಲಿ ಮತ್ತೊಮ್ಮೆ ನಿಷೇಧಿಸಿತು. ದೇವರು, ಸೇನೆ, ಸಾವು, ಮರ್ಯಾದಸ್ಥರ ಊಟದ ಮೇಜು — ಯಾವುದೂ ಅದರ ಕೈಗೆ ಸಿಕ್ಕು ಪಾರಾದದ್ದಿಲ್ಲ. ಅಲ್ಲಿ ಪೀಬಲ್ಸ್ ಕೆಲವು ವರ್ಷ ಬರೆದ. ಅಮೆರಿಕದ 'ಮ್ಯಾಡ್' ವಿನೋದಪತ್ರಿಕೆ ಫ್ರೆಂಚ್ ಆವೃತ್ತಿ ಹೊರಡಿಸಿದಾಗ ಸಂಪಾದಕನೂ ಆದ. ಅದು ಐದು ಸಂಚಿಕೆಗೆ ನಿಂತುಹೋಯಿತು. ವಿನೋದಪತ್ರಿಕೆಗಳ ಆಯುಸ್ಸು ಎಲ್ಲ ದೇಶದಲ್ಲಿಯೂ ಒಂದೇ ಎಂದು ಕಾಣುತ್ತದೆ.

ಈ ಹರಾಕಿರಿಯ ಸಹವಾಸ ಸಣ್ಣದಲ್ಲ. ಅಮೆರಿಕದಲ್ಲಿ ಕಪ್ಪು ಲೇಖಕನಿಂದ ಓದುಗರು ಬಯಸುತ್ತಿದ್ದದ್ದು ಎರಡೇ: ಕಣ್ಣೀರು, ಇಲ್ಲವೆ ಬೆಂಕಿ. ಇಲ್ಲಿ ಮಾತ್ರ ಯಾರೂ ಅವನಿಂದ ಸಾಕ್ಷ್ಯ ಕೇಳಲಿಲ್ಲ, ತುಂಟತನ ಕೇಳಿದರು.

ಇನ್ನು ಚೀಟಿಯ ವಿಷಯ. ಫ್ರಾನ್ಸಿನಲ್ಲಿ ಚಿತ್ರ ನಿರ್ದೇಶಿಸಲು ವೃತ್ತಿಚೀಟಿ ಬೇಕಿತ್ತು. ಅದು ಸಿಗಬೇಕಾದರೆ ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದಿರಬೇಕು. ಆದರೆ ಫ್ರೆಂಚಿನಲ್ಲಿ ಬರೆಯುವ ಲೇಖಕನೊಬ್ಬ ತನ್ನದೇ ಕೃತಿಯನ್ನು ತೆರೆಗೆ ತರಬಯಸಿದರೆ ಅವನಿಗೆ ತಾತ್ಕಾಲಿಕ ಚೀಟಿ ಕೊಡಬಹುದೆಂಬ ಸಣ್ಣ ಕಿಂಡಿಯೊಂದು ಕಾನೂನಿನಲ್ಲಿತ್ತು. ಆ ಕಿಂಡಿ ಅವನ ಕಣ್ಣಿಗೆ ಬಿತ್ತು. ಸರಿ, ಲೇಖಕನಾಗಬೇಕು, ಅಷ್ಟೆ ತಾನೆ? 1964ರಿಂದ 1967ರ ಒಳಗೆ ಐದು ಕೃತಿಗಳು ಬಂದವು.

ಮೊದಲನೆಯದು 'ಎಫ್.ಬಿ.ಐ.ಗೊಂದು ಕರಡಿ', 1964. ಶಿಕಾಗೋ ಸೀಮೆಯ ಮಧ್ಯಮ ವರ್ಗದ ಕಪ್ಪು ಹುಡುಗನೊಬ್ಬ ಬೆಳೆಯುವ ಕಥೆ. ಬಹುಮಟ್ಟಿಗೆ ಅವನದೇ ಬಾಲ್ಯ. ಅಮೆರಿಕದ ಹುಡುಗನ ಈ ಕಥೆ ಮೊದಲು ಫ್ರೆಂಚಿನಲ್ಲಿ ಪ್ರಕಟವಾಯಿತು. ಅವನ ಸ್ವಂತ ದೇಶದಲ್ಲಿ ಇಂಗ್ಲಿಷಿನಲ್ಲಿ ಹೊರಬಂದದ್ದು 1968ರಲ್ಲಿ. 'ಹದಿನಾಲ್ಕನೆಯ ವಿಭಾಗದ ಚೀನೀಯ', 1966, ಪ್ಯಾರಿಸ್ಸಿನ ಒಂದು ಬಡಾವಣೆಯ ಕಥೆಗಳ ಕಟ್ಟು. ಹರಾಕಿರಿಯ ಗೆಳೆಯ ರೋಲಾನ್ ತೊಪೋರ್ ಅದಕ್ಕೆ ಚಿತ್ರ ಬರೆದ. 'ಹಾರ್ಲೆಮಿನಲ್ಲಿ ಹಬ್ಬ', 1967, ಬಲು ಹಗುರಾದ ಒಂದು ತಮಾಷೆ: ಶನಿವಾರದ ರಾತ್ರಿ ಹಾರ್ಲೆಮಿನ ಮನೆಯೊಂದರಲ್ಲಿ ಔತಣ ನಡೆದಿರುತ್ತದೆ, ಅದನ್ನು ಕೆಡಿಸಿ ಪುಣ್ಯ, ಅಲ್ಲ, ಪಾಪ ಕಟ್ಟಿಕೊಳ್ಳೋಣವೆಂದು ಎರಡು ಮರಿಪಿಶಾಚಿಗಳು ಒಳನುಗ್ಗುತ್ತವೆ. ಅಲ್ಲಿನ ಜನರ ಆದರ, ಉತ್ಸಾಹ, ಊಟ, ಕುಣಿತ ಇವುಗಳ ಮುಂದೆ ಪಿಶಾಚಿಗಳ ಕಸುಬು ನಡೆಯುವುದಿಲ್ಲ. ಕಪ್ಪು ಜನರ ಕೇರಿಯೆಂದರೆ ಗೋಳಿನ ಕೇರಿ ಎಂದು ಬರೆಯುವವರ ನಡುವೆ, ಪಿಶಾಚಿಯೂ ಕೆಡಿಸಲಾರದ ಸಂತೋಷ ಅಲ್ಲಿದೆಯೆಂದು ಬರೆಯಲು ಧೈರ್ಯ ಬೇಕು.

ಆದರೆ ಐದರಲ್ಲಿ ನಿಜವಾದ ಹಲ್ಲಿರುವುದು 1965ರ 'ನರಕದಲ್ಲೊಬ್ಬ ಅಮೆರಿಕನ್' ಕಾದಂಬರಿಗೆ. ಕಥಾನಾಯಕ ಅಬ್ರಹಾಂ ಕಾರ್ವರ್ ಎಂಬ ಕಪ್ಪು ಮನುಷ್ಯ. ದಕ್ಷಿಣದ ಸೆರೆಮನೆಯೊಂದರಲ್ಲಿ ಸಾಯುತ್ತಾನೆ. ಸತ್ತು ನರಕಕ್ಕೆ ಹೋಗುತ್ತಾನೆ. ಹೋಗಿ ನೋಡಿದರೆ ಅಲ್ಲಿ ಕಪ್ಪು ಜನರಿಗೆ ರಾಜೋಪಚಾರ! ಕಾರಣ ದಯೆಯಲ್ಲ, ಲೆಕ್ಕಾಚಾರ. ನರಕದಲ್ಲಿರುವವರಲ್ಲಿ ಬಿಳಿಯರೇ ಹೆಚ್ಚು. ಅವರಿಗೆ ಯಾತನೆ ಕೊಡುವುದು ನರಕಾಧಿಪತಿಯ ಕರ್ತವ್ಯ. ಕಾದ ಎಣ್ಣೆ, ಮುಳ್ಳಿನ ಹಾಸಿಗೆ ಎಂದು ತಲೆಕೆಡಿಸಿಕೊಳ್ಳುವುದೇಕೆ? ಕಪ್ಪು ಮನುಷ್ಯನನ್ನು ಅವರ ಕಣ್ಣೆದುರು ಚೆನ್ನಾಗಿ ನಡೆಸಿಕೊಂಡರೆ ಸಾಕು. ಅದಕ್ಕಿಂತ ದೊಡ್ಡ ಯಾತನೆ ಅವರಿಗೆ ಇನ್ನಾವುದು?

ಈ ಒಂದು ಕಲ್ಪನೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕು. ನಮ್ಮ ಕಡೆಯ ಯಮಲೋಕದ ಕಥೆಗಳಲ್ಲಿ ಚಿತ್ರಗುಪ್ತನ ಲೆಕ್ಕ ತಪ್ಪುವುದುಂಟು. ತಪ್ಪಿದ ಮೇಲೆ ಸರಿಪಡಿಸುವುದೂ ಉಂಟು. ಪೀಬಲ್ಸ್‌ನ ನರಕದಲ್ಲಿ ಲೆಕ್ಕ ತಪ್ಪಿಲ್ಲ. ಕಾರ್ವರ್‌ಗೆ ಸಿಗುವ ಸುಖ ಅವನ ಪುಣ್ಯದ ಫಲವೂ ಅಲ್ಲ, ಅವನ ಹಕ್ಕೂ ಅಲ್ಲ. ಇನ್ನೊಬ್ಬನನ್ನು ಉರಿಸುವುದಕ್ಕೆ ಬಳಸುವ ಸೌದೆ. ಭೂಮಿಯ ಮೇಲೆ ಅವನ ದುಃಖ ಬಿಳಿಯನ ಸುಖಕ್ಕಾಗಿ ಇತ್ತು. ಇಲ್ಲಿ ಅವನ ಸುಖ ಬಿಳಿಯನ ದುಃಖಕ್ಕಾಗಿ ಇದೆ. ಎರಡು ಕಡೆಯೂ ಕಥೆಯ ಕೇಂದ್ರ ಬಿಳಿಯನೇ. ಓದುಗ ಮೊದಲು ಜೋರಾಗಿ ನಗುತ್ತಾನೆ. ಹತ್ತು ಪುಟ ಕಳೆದ ಮೇಲೆ, ತಾನು ನಕ್ಕದ್ದು ಯಾವುದಕ್ಕೆ ಎಂದು ಯೋಚಿಸುತ್ತಾನೆ. ಚೀಟಿಗಾಗಿ ಬರೆಯುವವನು ಇಷ್ಟು ದೂರ ಹೋಗಬೇಕಾಗಿರಲಿಲ್ಲ. ಯಾವುದಾದರೂ ಪ್ರೇಮಕಥೆ ಬರೆದಿದ್ದರೂ ಚೀಟಿ ಸಿಗುತ್ತಿತ್ತು. ಈ ಪುಸ್ತಕ ಇಂಗ್ಲಿಷಿನಲ್ಲಿ 'ದಿ ಟ್ರೂ ಅಮೆರಿಕನ್' ಎಂಬ ಹೆಸರಿನಿಂದ ಬಂದದ್ದು 1976ರಲ್ಲಿ, ಹನ್ನೊಂದು ವರ್ಷ ತಡವಾಗಿ. ಅಷ್ಟು ಹೊತ್ತಿಗೆ ಜನ ಅವನನ್ನು ಬೇರೆ ಕಾರಣಕ್ಕೆ ಬಲ್ಲವರಾಗಿದ್ದರು. ಕಾದಂಬರಿಯನ್ನು ಗಮನಿಸಿದವರು ಕಡಿಮೆ.

ಚೀಟಿ ಕೊನೆಗೂ ಕೈಸೇರಿತು. ತೆರೆಗೆ ತರಲು ಅವನು ಆರಿಸಿಕೊಂಡ ಸ್ವಂತ ಕಾದಂಬರಿಯ ಹೆಸರು 'ಲಾ ಪೆರ್ಮಿಸಿಯೋನ್'. ಫ್ರೆಂಚಿನಲ್ಲಿ ಈ ಮಾತಿಗೆ ಎರಡು ಅರ್ಥ: ಅಪ್ಪಣೆ ಎಂಬುದೊಂದು, ಸಿಪಾಯಿಗೆ ಸಿಗುವ ರಜೆ ಎಂಬುದಿನ್ನೊಂದು. ಚಿತ್ರ ತೆಗೆಯುವ ಅಪ್ಪಣೆಗಾಗಿ ಕಾದಂಬರಿ ಬರೆದವನು ಆ ಅಪ್ಪಣೆಯನ್ನೇ ಹೆಸರಾಗಿಟ್ಟು ಚಿತ್ರ ತೆಗೆದ. ಸರ್ಕಾರದ ಚಲಚ್ಚಿತ್ರ ಕೇಂದ್ರದಿಂದ ಒಂದಿಷ್ಟು ನೆರವೂ ಸಿಕ್ಕಿತು. ಕೆಲವೇ ವಾರಗಳಲ್ಲಿ ಚಿತ್ರೀಕರಣ ಮುಗಿಯಿತು.

ಕಥೆ ತುಂಬ ಚಿಕ್ಕದು. ಫ್ರಾನ್ಸಿನಲ್ಲಿದ್ದ ಅಮೆರಿಕನ್ ಸೇನಾನೆಲೆಯ ಕಪ್ಪು ಸಿಪಾಯಿ ಟರ್ನರ್. ಅವನ ಬಿಳಿಯ ಕ್ಯಾಪ್ಟನ್ ಅವನಿಗೆ ಬಡ್ತಿಯ ಭರವಸೆ ಕೊಟ್ಟು, ಮೂರು ದಿನದ ರಜಾಚೀಟಿಯನ್ನೂ ಕೊಡುತ್ತಾನೆ. ಟರ್ನರ್ ಕನ್ನಡಿಯ ಮುಂದೆ ನಿಲ್ಲುತ್ತಾನೆ. ಕನ್ನಡಿಯೊಳಗಿನ ಟರ್ನರ್ ಹೊರಗಿನವನನ್ನು ಹಂಗಿಸುತ್ತಾನೆ: ನಿನಗೇಕೆ ಬಡ್ತಿ? ನೀನು ತಲೆ ಬಾಗಿಸುವವನು, ಅದಕ್ಕೆ. ರಜೆ ಹತ್ತಿದವನು ಪ್ಯಾರಿಸ್ಸಿಗೆ ಹೋಗುತ್ತಾನೆ. ಮಿರಿಯಾಂ ಎಂಬ ಫ್ರೆಂಚ್ ಹುಡುಗಿಯ ಸ್ನೇಹವಾಗುತ್ತದೆ. ಇಬ್ಬರೂ ನಾರ್ಮಂಡಿಯ ಕಡಲತೀರಕ್ಕೆ ಹೋಗುತ್ತಾರೆ. ಅಲ್ಲಿ ಅವನ ಪಾಳಯದ ಬಿಳಿಯರು ಅವರನ್ನು ಕಾಣುತ್ತಾರೆ. ಟರ್ನರ್ ಹಿಂತಿರುಗುವ ಹೊತ್ತಿಗೆ ಸುದ್ದಿ ಮುಟ್ಟಿದೆ; ಬಡ್ತಿ ಹೋಯಿತು, ಪಾಳಯ ಬಿಟ್ಟು ಕದಲುವಂತಿಲ್ಲ.

ಇದನ್ನು ಇನ್ನೊಬ್ಬನು ತೆಗೆದಿದ್ದರೆ ಕಣ್ಣೀರಿನ ಚಿತ್ರವಾಗುತ್ತಿತ್ತು. ಪೀಬಲ್ಸ್ ಇಲ್ಲಿಯೂ ಹರಾಕಿರಿಯವನೇ. ಪ್ರೇಮಿಗಳು ಮೊದಲ ಸಲ ಹತ್ತಿರವಾಗುವ ಗಳಿಗೆಯಲ್ಲಿ ಕಥೆಯನ್ನು ನಿಲ್ಲಿಸಿ, ಇಬ್ಬರ ತಲೆಯೊಳಗೂ ಇಣುಕಿ ನೋಡುತ್ತಾನೆ. ಟರ್ನರ್ ತನ್ನನ್ನು ಹಳೆಯ ಕಾಲದ ಶ್ರೀಮಂತ ಪ್ರಭುವಾಗಿ, ಅರಮನೆಯಲ್ಲಿ ಕಾದಿರುವ ಸುಂದರಿಯ ಒಡೆಯನಾಗಿ ಕಾಣುತ್ತಿದ್ದಾನೆ. ಮಿರಿಯಾಂ ಕಾಣುತ್ತಿರುವುದು ಆಫ್ರಿಕಾದ ಕಾಡುಜನ ತನ್ನನ್ನು ಸೆರೆಹಿಡಿದ ದೃಶ್ಯ! ಪಾಪದ ಹುಡುಗಿ, ಕೆಟ್ಟವಳಲ್ಲ. ಅವನನ್ನು ನಿಜವಾಗಿ ಪ್ರೀತಿಸುತ್ತಾಳೆ. ಆದರೆ ಅವಳ ಕನಸನ್ನು ಕಟ್ಟಿಕೊಟ್ಟವರು ಬೇರೆ ಯಾರೋ. ಜನಾಂಗದ್ವೇಷವೆಂದರೆ ದುಷ್ಟರ ಎದೆಯಲ್ಲಿ ಮಾತ್ರ ಇರುವ ವಸ್ತುವೆಂದು ನಂಬಿದ ಸಜ್ಜನರಿಗೆ ಈ ಒಂದು ನಿಮಿಷದ ನಗೆ ಸಾಕಷ್ಟು ಕಹಿಯಾಗಿದ್ದಿರಬೇಕು. ಅಮೆರಿಕದಿಂದ ಓಡಿಬಂದ ಕಪ್ಪು ಮನುಷ್ಯನಿಗೆ ಫ್ರಾನ್ಸ್ ಸ್ವರ್ಗವೆಂಬ ಸವಿಮಾತನ್ನೂ ಅವನು ನಂಬಲಿಲ್ಲವೆನ್ನುವುದಕ್ಕೆ ಇದೇ ಸಾಕ್ಷಿ. ಫ್ರೆಂಚರ ದುಡ್ಡಿನಿಂದ, ಫ್ರೆಂಚ್ ಭಾಷೆಯಲ್ಲಿ, ಫ್ರೆಂಚರನ್ನೂ ಗೇಲಿ ಮಾಡಿಬಿಟ್ಟ.

ಹ್ಯಾರಿ ಬೇರ್ಡ್ ಟರ್ನರನಾಗಿ, ನಿಕೋಲ್ ಬರ್ಜೆ ಮಿರಿಯಾಂ ಆಗಿ ಅಭಿನಯಿಸಿದರು. ಬರ್ಜೆ ಚಿತ್ರ ತೆರೆಕಾಣುವುದಕ್ಕೆ ಮೊದಲೇ, 1967ರ ಏಪ್ರಿಲಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡಳು.

ಆ ವರ್ಷದ ಶರತ್ಕಾಲದಲ್ಲಿ ಚಿತ್ರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಫ್ರಾನ್ಸಿನಿಂದ ಬಂದ ನಿರ್ದೇಶಕ ಇದೇ ಊರಿನ ಕೇಬಲ್ ಕಾರಿನವನು! ವಿಮರ್ಶಕರು ಮೆಚ್ಚಿದರು. ಅಮೆರಿಕದ ಚಿತ್ರೋದ್ಯಮಕ್ಕೆ ಮಾತ್ರ ಇದು ಮುಜುಗರದ ಸಂಗತಿ. ಅಷ್ಟು ದೊಡ್ಡ ಹಾಲಿವುಡ್ಡಿನ ಒಂದು ಸ್ಟುಡಿಯೋ ಕೂಡ ಆವರೆಗೆ ಒಬ್ಬ ಕಪ್ಪು ನಿರ್ದೇಶಕನ ಕೈಗೆ ಚಿತ್ರ ಒಪ್ಪಿಸಿರಲಿಲ್ಲ; ಇರುವ ಒಬ್ಬನನ್ನು ಫ್ರಾನ್ಸಿನಿಂದ ಆಮದು ಮಾಡಿಕೊಳ್ಳಬೇಕಾಯಿತು. 1969ರಲ್ಲಿ ವಾರ್ನರ್ ಸಂಸ್ಥೆ ಗಾರ್ಡನ್ ಪಾರ್ಕ್ಸ್‌ನಿಂದ 'ದಿ ಲರ್ನಿಂಗ್ ಟ್ರೀ' ತೆಗೆಸಿತು. ಕೊಲಂಬಿಯಾ ಸಂಸ್ಥೆ ಪೀಬಲ್ಸ್‌ನನ್ನು ಕರೆಯಿತು.

1970ರ 'ವಾಟರ್‌ಮೆಲನ್ ಮ್ಯಾನ್' ಚಿತ್ರದ ಕಥೆ ಅವನದಲ್ಲ, ಹರ್ಮನ್ ರಾಚರ್ ಎಂಬಾತನದು. ಬಾಯಿಬಡುಕ ಬಿಳಿಯ ವಿಮಾ ಏಜೆಂಟನೊಬ್ಬ ಬೆಳಗ್ಗೆ ಎದ್ದು ನೋಡಿದರೆ ಕಪ್ಪಾಗಿದ್ದಾನೆ. ಬಿಳಿಯ ನಟನಿಗೆ ಮಸಿ ಬಳಿದರಾಯಿತೆಂದು ಸ್ಟುಡಿಯೋದವರ ಎಣಿಕೆ. ಚಿತ್ರದ ಬಹುಭಾಗ ಅವನು ಕಪ್ಪಾಗಿಯೇ ಇರುವಾಗ, ಕಪ್ಪು ನಟನಿಗೆ ಮೊದಲ ಕೆಲವು ನಿಮಿಷ ಬಿಳಿಯ ಬಣ್ಣ ಬಳಿಯುವುದಲ್ಲವೆ ಸುಲಭ ಎಂದು ಪೀಬಲ್ಸ್ ಕೇಳಿದ. ಗಾಡ್‌ಫ್ರೀ ಕೇಂಬ್ರಿಜ್ ಎಂಬ ಕಪ್ಪು ಹಾಸ್ಯನಟ ಆ ಪಾತ್ರ ವಹಿಸಿದ. ಕೊನೆಯಲ್ಲಿ ಎಲ್ಲವೂ ಕನಸಾಗಿತ್ತು, ನಾಯಕ ಮತ್ತೆ ಬೆಳ್ಳಗಾದ ಎಂದು ಮುಗಿಸಬೇಕೆಂಬುದು ಮೇಲಿನವರ ಇಚ್ಛೆ. ಎರಡು ಬಗೆಯ ಮುಕ್ತಾಯವನ್ನೂ ತೆಗೆಯುತ್ತೇನೆ ಎಂದು ಪೀಬಲ್ಸ್ ಒಪ್ಪಿಕೊಂಡ. ಅವರ ಮುಕ್ತಾಯವನ್ನು ತೆಗೆಯುವುದನ್ನು ಮರೆತುಬಿಟ್ಟ! ಕಥೆ ಬರೆದ ರಾಚರ್‌ಗೆ ಈ ಬದಲಾವಣೆ ಹಿಡಿಸಲಿಲ್ಲ. ಅವನ ಅಸಮಾಧಾನದಲ್ಲಿಯೂ ನ್ಯಾಯವಿದೆ, ಕಥೆ ಅವನದು ತಾನೆ.

ಈ ಚಿತ್ರ ಗೆದ್ದಿತು. ಇನ್ನೂ ಚಿತ್ರಗಳಿಗೆ ಕರಾರು ಮಾಡಿಕೊಳ್ಳೋಣವೆಂದು ಕೊಲಂಬಿಯಾದವರು ಮುಂದೆ ಬಂದರು. ಬಾಳು ನೆಲೆಗೊಳ್ಳುವ ಗಳಿಗೆ ಅದು. ಅವನು ಬೇರೆ ದಾರಿ ಹಿಡಿದ. ಕೈಯಲ್ಲಿದ್ದ ದುಡ್ಡು, ನಟ ಬಿಲ್ ಕಾಸ್ಬಿಯಿಂದ ಸಾಲವಾಗಿ ಪಡೆದ 50,000 ಡಾಲರು ಇಷ್ಟನ್ನು ಹೂಡಿ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್‌ಆಸ್ ಸಾಂಗ್' ಎಂಬ ಚಿತ್ರವನ್ನು 19 ದಿನಗಳಲ್ಲಿ ತೆಗೆದ. ಕಥೆ, ನಿರ್ದೇಶನ, ಸಂಕಲನ, ಸಂಗೀತ, ಮುಖ್ಯಪಾತ್ರ ಎಲ್ಲವೂ ತಾನೇ. ಕಾರ್ಮಿಕ ಸಂಘಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಸಂಘದ ಹೊರಗಿನವರನ್ನು ಇಟ್ಟುಕೊಂಡರೆ ತಂಟೆ. ಅದಕ್ಕೆ, ತಾನು ತೆಗೆಯುತ್ತಿರುವುದು ಅಶ್ಲೀಲ ಚಿತ್ರವೆಂದು ಸುದ್ದಿ ಹಬ್ಬಿಸಿದ. ಅಂಥ ಚಿತ್ರದ ಹತ್ತಿರ ಸಂಘದವರು ಸುಳಿಯುತ್ತಿರಲಿಲ್ಲ. ಪ್ರಚಾರಕ್ಕೆ ದುಡ್ಡಿಲ್ಲದಾಗ ಚಿತ್ರದ ಸಂಗೀತದ ತಟ್ಟೆಯನ್ನು ಮೊದಲೇ ಮಾರುಕಟ್ಟೆಗೆ ಬಿಟ್ಟ. ವಾದ್ಯ ನುಡಿಸಿದ 'ಅರ್ತ್, ವಿಂಡ್ ಅಂಡ್ ಫೈರ್' ತಂಡದ ಹೆಸರನ್ನು ಆಗ ಕೇಳಿದವರಿರಲಿಲ್ಲ.

1971ರ ಮಾರ್ಚ್ ಕೊನೆಯಲ್ಲಿ ಚಿತ್ರ ತೆರೆಕಂಡಾಗ ಅದನ್ನು ಹಾಕಲು ಒಪ್ಪಿದ್ದು ಇಡೀ ದೇಶದಲ್ಲಿ ಎರಡೇ ಚಿತ್ರಮಂದಿರಗಳು, ಡೆಟ್ರಾಯಿಟ್‌ನಲ್ಲೊಂದು, ಅಟ್ಲಾಂಟಾದಲ್ಲೊಂದು. 'ಎಕ್ಸ್' ಮುದ್ರೆ ಅದಕ್ಕೆ ಬಿದ್ದಿತ್ತು. ಬಿಳಿಯರೇ ತುಂಬಿದ ಪಂಚಾಯತಿ ಕೊಟ್ಟ ಮುದ್ರೆ ಎಂದು ಅವನು ಅದನ್ನೇ ಜಾಹೀರಾತಿಗೆ ಬಳಸಿಕೊಂಡ. ಜನ ಸಾಲುಗಟ್ಟಿದರು. ಗಳಿಕೆ ಒಂದು ಕೋಟಿ ಡಾಲರಿಗೂ ಮಿಕ್ಕಿತೆನ್ನುತ್ತಾರೆ. ಕಪ್ಪು ಜನ ಟಿಕೇಟು ಕೊಳ್ಳುತ್ತಾರೆಂಬ ಜ್ಞಾನೋದಯ ಹಾಲಿವುಡ್ಡಿಗೆ ಆಗ ಆಯಿತು. ಆಮೇಲೆ ಅಂಥ ಚಿತ್ರಗಳ ಮಳೆಯೇ ಸುರಿಯಿತು.

ಕಥೆ ಇಷ್ಟು: ವೇಶ್ಯಾಗೃಹದಲ್ಲಿ ಬೆಳೆದವನೊಬ್ಬ, ಪೊಲೀಸರು ಕಪ್ಪು ಹೋರಾಟಗಾರನೊಬ್ಬನನ್ನು ಬಡಿಯುವುದನ್ನು ನೋಡಲಾರದೆ ಅವರ ಮೇಲೆ ಬೀಳುತ್ತಾನೆ, ಅನಂತರ ಓಡುತ್ತಾನೆ, ಓಡಿ ಓಡಿ ಮೆಕ್ಸಿಕೋ ಗಡಿ ದಾಟುತ್ತಾನೆ. ಸಿಕ್ಕಿಬೀಳುವುದಿಲ್ಲ, ಸಾಯುವುದೂ ಇಲ್ಲ. ಅಂಥ ಮುಕ್ತಾಯವನ್ನು ಅಮೆರಿಕದ ತೆರೆ ಅದುವರೆಗೆ ಕಪ್ಪು ನಾಯಕನಿಗೆ ಕೊಟ್ಟಿರಲಿಲ್ಲ. ಕಪ್ಪು ಚಿರತೆಗಳ ಪಕ್ಷದ ಹ್ಯೂಯಿ ನ್ಯೂಟನ್ ಚಿತ್ರವನ್ನು ಕ್ರಾಂತಿಕಾರಿಯೆಂದು ತನ್ನ ಪತ್ರಿಕೆಯಲ್ಲಿ ಕೊಂಡಾಡಿದ. ಇತಿಹಾಸಕಾರ ಲೆರೋನ್ ಬೆನೆಟ್ 'ಎಬೊನಿ' ಪತ್ರಿಕೆಯಲ್ಲಿ ಅದನ್ನು ತರಾಟೆಗೆ ತೆಗೆದುಕೊಂಡ. ಬಡತನವನ್ನೂ ಕಾಮವನ್ನೂ ವೈಭವೀಕರಿಸಿ ಅದನ್ನು ಬಿಡುಗಡೆಯೆನ್ನುವುದು ಸರಿಯಲ್ಲವೆಂಬುದು ಅವನ ವಾದದ ತಿರುಳು. ಬೆನೆಟ್‌ನ ಮಾತು ನನಗೆ ಹೆಚ್ಚು ಒಪ್ಪಿಗೆ. ಅದಕ್ಕಿಂತಲೂ ಕೆಟ್ಟದ್ದೊಂದಿದೆ. ಚಿತ್ರದ ಆರಂಭದಲ್ಲಿ ನಾಯಕನ ಬಾಲ್ಯವನ್ನು ತೋರಿಸುವ ಕಾಮದ ದೃಶ್ಯವೊಂದಕ್ಕೆ ತಂದೆ ತನ್ನ ಹದಿಮೂರರ ಹರೆಯದ ಮಗ ಮೇರಿಯೋನನ್ನೇ ಬಳಸಿಕೊಂಡ. ಯಾವ ಕ್ರಾಂತಿಯ ಹೆಸರಿನಿಂದಲೂ ಅದನ್ನು ಸಮರ್ಥಿಸಲು ಬಾರದು. ಅಲ್ಲಿ ನಗೆಯೂ ಇಲ್ಲ. 'ನರಕದಲ್ಲೊಬ್ಬ ಅಮೆರಿಕನ್' ಬರೆದವನಿಗೆ, ಒಬ್ಬ ಮನುಷ್ಯನನ್ನು ಇನ್ನೊಂದರ ಸಾಧನವಾಗಿ ಬಳಸುವುದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು, ಇಲ್ಲಿ ಮರೆತ. ಆ ಮಗನೇ ಮುಂದೆ ನಿರ್ದೇಶಕನಾಗಿ, ಈ ಚಿತ್ರ ಹುಟ್ಟಿದ ಬಗೆಯನ್ನು 2003ರಲ್ಲಿ ಇನ್ನೊಂದು ಚಿತ್ರವಾಗಿ ತೆಗೆದ. ತಂದೆಯ ಪಾತ್ರವನ್ನು ತಾನೇ ವಹಿಸಿದ.

ಇಷ್ಟು ದೊಡ್ಡ ಗದ್ದಲದ ಮೇಲೆ ಪೀಬಲ್ಸ್ ಹೋದದ್ದು ಎಲ್ಲಿಗೆ? ತನ್ನ ಹಳೆಯ ವಿನೋದಕ್ಕೆ. 'ಹಾರ್ಲೆಮಿನಲ್ಲಿ ಹಬ್ಬ' 1972ರಲ್ಲಿ 'ಡೋಂಟ್ ಪ್ಲೇ ಅಸ್ ಚೀಪ್' ಎಂಬ ಸಂಗೀತ ನಾಟಕವಾಗಿ ಬ್ರಾಡ್ವೇ ರಂಗಕ್ಕೆ ಬಂದಿತು. ಅದೇ ನಟರೊಡನೆ ಚಿತ್ರವೂ ಆಯಿತು. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಮಾತಾಡಿದ ಮರಿಪಿಶಾಚಿಗಳು ನ್ಯೂಯಾರ್ಕಿಗೆ ಬಂದು ತಮ್ಮ ಸ್ವಂತ ಭಾಷೆಯಲ್ಲಿ ಹಾಡಿದವು.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1980ರ ದಶಕದಲ್ಲಿ ಈ ಮಹಾರಾಯ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ವ್ಯಾಪಾರಿಯಾದ. ಆ ವಿದ್ಯೆಯ ಮೇಲೆ 1986ರಲ್ಲಿ 'ಬೋಲ್ಡ್ ಮನಿ' ಎಂಬ ಪುಸ್ತಕವನ್ನೂ ಬರೆದ. ಬಾಂಬರಿನಲ್ಲಿ ಕಲಿತ ಲೆಕ್ಕ ಕೊನೆಗೂ ಉಪಯೋಗಕ್ಕೆ ಬಂತೆನ್ನಬೇಕು. 2000ದಲ್ಲಿ, ಅರವತ್ತೆಂಟರ ಹತ್ತಿರ, ಮತ್ತೆ ಫ್ರಾನ್ಸಿಗೆ ಹೋಗಿ ಫ್ರೆಂಚಿನಲ್ಲಿ ಚಿತ್ರ ತೆಗೆದ: 'ಹೊಟ್ಟೆ ತುಂಬಿದ ಕಥೆ' ಎಂದು ಅದರ ಹೆಸರನ್ನು ನಾವು ಹೇಳಿಕೊಳ್ಳಬಹುದು. ಸಣ್ಣ ಊರಿನ ಹೋಟೆಲು ನಡೆಸುವ ಗೌರವಸ್ಥ ದಂಪತಿಗಳು ಅನಾಥಳಾದ ಕಪ್ಪು ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡು ತಮ್ಮ ಮನೆಯ ಮಾನ ಮುಚ್ಚಲು ಅವಳನ್ನು ಬಳಸುವ ಕಥೆ; ಮತ್ತೆ ಅದೇ ನಗೆ, ಅದೇ ಕಹಿ. ಮರುವರ್ಷ ಫ್ರಾನ್ಸ್ ಸರ್ಕಾರ ಅವನಿಗೆ 'ಲೀಜಿಯನ್ ಆಫ್ ಆನರ್' ಪದಕ ತೊಡಿಸಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ 'ಎಕ್ಸ್' ಮುದ್ರೆ ಬಿದ್ದಿದ್ದ ಚಿತ್ರವನ್ನು ರಾಷ್ಟ್ರೀಯ ಸಂಪತ್ತಿನ ಪಟ್ಟಿಗೆ ಸೇರಿಸಿಕೊಂಡದ್ದು 2020ರಲ್ಲಿ.

2021ರ ಮೇ ತಿಂಗಳಲ್ಲಿ, ಜೀರ್ಣೋದ್ಧಾರಗೊಂಡ 'ಲಾ ಪೆರ್ಮಿಸಿಯೋನ್' ಅಮೆರಿಕದಲ್ಲಿ ಮರಳಿ ತೆರೆಕಂಡಿತು. ಸೆಪ್ಟೆಂಬರ್ 21ರಂದು ಮೆಲ್ವಿನ್ ವ್ಯಾನ್ ಪೀಬಲ್ಸ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ತೀರಿಕೊಂಡ, ವಯಸ್ಸು 89. ಆ ಬೇಸಿಗೆಯಲ್ಲಿ ಚಿತ್ರ ನೋಡಿದವರಲ್ಲಿ ಅನೇಕರಿಗೆ ಅದು ಒಂದು ಕಾದಂಬರಿಯಾಗಿತ್ತೆಂಬುದೇ ತಿಳಿದಿರಲಾರದು. ಟರ್ನರ್ ಮಾತ್ರ ರಜಾಚೀಟಿಯನ್ನು ಜೇಬಿಗಿಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಒಳಗಿನವನು ಅವನನ್ನು ಹಂಗಿಸುತ್ತಲೇ ಇದ್ದ.